ಚೋಮನ ಸಾಲ ಮತ್ತು ನಮ್ಮ ಕಾನೂನು

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕುರಿತು ಬಂದಿರುವ ವಿಮರ್ಶೆ ಕಡಿಮೆಯೇನಲ್ಲ. ಅಸ್ಪೃಶ್ಯತೆ, ಭೂಮಿಯ ಹಂಬಲ, ದುಡಿಯ ನಾದ - ಅದರ ಬಹುಪಾಲು ಈ ಮೂರರ ಸುತ್ತಲೇ ಸುತ್ತುತ್ತದೆ. ಆದರೆ ಇದನ್ನು ಮಾನವ ಕಳ್ಳಸಾಗಣೆಯ ಕಥೆಯೆಂದು ಓದಲು ಸಾಧ್ಯವಿಲ್ಲವೇ? ಹಾಗೆ ಓದಿದರೆ ಕಾದಂಬರಿಯ ಕೇಂದ್ರ ಚೋಮನ ಗುಡಿಸಲಿನಿಂದ ಕಾಫಿ ತೋಟಕ್ಕೆ ಸರಿಯುತ್ತದೆ.

ತೋಟದಿಂದ ಸಾಲ ವಸೂಲಿಗೆ ಬರುತ್ತಾರೆ. ಚೋಮನ ಬಳಿ ಕಾಸಿಲ್ಲ. ಮಕ್ಕಳಾದ ಚನಿಯ, ಗುರುವರನ್ನು ದುಡಿದು ತೀರಿಸಲು ಕಳುಹಿಸುತ್ತಾನೆ. ಗುರುವ ಕ್ರೈಸ್ತ ಹುಡುಗಿಯ ಕೈಹಿಡಿದು ಬೇರೆಯಾಗುತ್ತಾನೆ. ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಸಾಲ ಮಾತ್ರ ಸಾಯುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಅವಳ ಮೈಯ ಬೆಲೆಗೆ ಸಾಲ ವಜಾ ಆಗುತ್ತದೆ. ಗಮನಿಸಿ, ಇಲ್ಲಿ ಯಾರನ್ನೂ ಯಾರೂ ಅಪಹರಿಸಿಲ್ಲ. ತಂದೆಯೇ ಕಳುಹಿಸಿದ್ದಾನೆ, ಮಕ್ಕಳೇ ನಡೆದುಕೊಂಡು ಹೋಗಿದ್ದಾರೆ. ಸಂಕೋಲೆಯಿಲ್ಲದೆ ಮನುಷ್ಯರನ್ನು ಸಾಗಿಸುವ ಈ ಬಗೆಯನ್ನು ಕಾರಂತರು ಅಷ್ಟು ಹಿಂದೆಯೇ ಕಂಡರು ಎಂಬುದು ಸಣ್ಣ ಮಾತಲ್ಲ. ಮಿತಿಯೂ ಇಲ್ಲೇ ಇದೆ. ತೋಟದ ಲೆಕ್ಕದ ಪುಸ್ತಕ ನಮ್ಮ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ರೈಟರ್ ಮನ್ವೇಲ ಕಾಮುಕನಾಗಿ ನೆನಪಿನಲ್ಲಿ ಉಳಿಯುತ್ತಾನೆ, ವ್ಯವಸ್ಥೆಯ ಗುಮಾಸ್ತನಾಗಿ ಅಲ್ಲ. ಓದುಗನ ಸಿಟ್ಟೆಲ್ಲ ಅವನ ಮೇಲೆಯೇ ಖರ್ಚಾಗಿ, ದುಡಿಮೆಯ ಲಾಭ ಉಂಡ ಧಣಿ ಪಾರಾಗುತ್ತಾನೆ.

ಬಿ.ವಿ. ಕಾರಂತರು ನಿರ್ದೇಶಿಸಿದ ಚಿತ್ರ 1975ರದು. ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಶ್ರೇಷ್ಠ ನಟರಾದರು. ಅದೇ ವರ್ಷ ಅಕ್ಟೋಬರ್ 25ರಂದು, ತುರ್ತು ಪರಿಸ್ಥಿತಿಯ ನಡುವೆ, ಜೀತ ರದ್ದತಿಯ ಸುಗ್ರೀವಾಜ್ಞೆ ಹೊರಬಿತ್ತು, 1976ರಲ್ಲಿ ಕಾಯ್ದೆಯಾಯಿತು. ಚೋಮನನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿದೆ ಆ ಕಾಯ್ದೆ. ಜೀತದ ಸಾಲ ತಾನಾಗಿಯೇ ರದ್ದು. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಆದರೆ ಶಿಕ್ಷೆ? ಹೆಚ್ಚೆಂದರೆ 3 ವರ್ಷ ಸೆರೆ, 2,000 ರೂಪಾಯಿ ದಂಡ. ಗುರುವನ ಮತಾಂತರವನ್ನು ನೆನಪಿಸಿಕೊಳ್ಳಿ. 2022ರಲ್ಲಿ ಕರ್ನಾಟಕ ತಂದ ಮತಾಂತರ ತಡೆ ಕಾಯ್ದೆ, ಪರಿಶಿಷ್ಟರನ್ನು ಅಕ್ರಮವಾಗಿ ಮತಾಂತರಿಸಿದರೆ 10 ವರ್ಷದವರೆಗೆ ಸೆರೆ ವಿಧಿಸಿತು. (ಅದನ್ನು ಕೈಬಿಡಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.) ದಲಿತನ ದೇವರು ಬದಲಾದರೆ ಆಗುವ ಕಳವಳ, ಅವನ ಮಕ್ಕಳು ಸಾಲಕ್ಕೆ ಒತ್ತೆ ಬಿದ್ದಾಗ ಆಗುವುದಿಲ್ಲ!

ಕಳ್ಳಸಾಗಣೆಯ ಕಾನೂನು ಇನ್ನೂ ವಿಚಿತ್ರವಾಗಿದೆ. ಸಂವಿಧಾನದ 23ನೇ ವಿಧಿ ಮಾನವ ಸಾಗಾಟವನ್ನೂ ಬಲವಂತದ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. 2013ರಲ್ಲಿ ದಂಡ ಸಂಹಿತೆಯ 370ನೇ ಕಲಮನ್ನು ತಿದ್ದುವಾಗ ಮೊದಲು ಬಂದ ಸುಗ್ರೀವಾಜ್ಞೆಯಲ್ಲಿ ‘ಬಲವಂತದ ದುಡಿಮೆ’ ಎಂಬ ಮಾತಿತ್ತು. ಸಂಸತ್ತಿನಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಅದು ಮಾಯವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿಗೆ ಭಿಕ್ಷಾಟನೆ ಸೇರಿತು, ಬಲವಂತದ ದುಡಿಮೆ ಮರಳಲಿಲ್ಲ. ಸಾಗಿಸಲ್ಪಟ್ಟವರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂಬ ಒಳ್ಳೆಯ ಮಾತು ಕಾನೂನಿನಲ್ಲಿದೆ ನಿಜ. ಆದರೂ ಠಾಣೆಯಲ್ಲಿ ಬೆಳ್ಳಿಯ ಪ್ರಕರಣ ದಾಖಲಾದೀತು, ಚನಿಯನದು ‘ಕೂಲಿ ತಕರಾರು’ ಎನಿಸಿಕೊಂಡೀತು. ಸಮಗ್ರ ಮಸೂದೆಯೊಂದು 2018ರಲ್ಲಿ ಲೋಕಸಭೆ ದಾಟಿ, ರಾಜ್ಯಸಭೆ ತಲುಪದೆ 2019ರಲ್ಲಿ ಅಸು ನೀಗಿತು.

ಇದೆಲ್ಲ ಕರಾವಳಿಯ ಹಳೆಯ ಕಥೆ, ನಮ್ಮ ಹಿರೇಕೆರೂರಿಗೇನು ಎನ್ನುವವರಿದ್ದಾರೆ. ಹಿರೇಕೆರೂರು, ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜೋತ್ಪಾದನೆಯ ಸೀಮೆ. ಹೂವಿಗೆ ಹೂವು ಮುಟ್ಟಿಸುವ ಆ ನಾಜೂಕು ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂಬ ನೆಪದಲ್ಲಿ ಮಕ್ಕಳನ್ನು ದುಡಿಸಿದ್ದು ಆಂಧ್ರ, ಗುಜರಾತ್‌ಗಳಲ್ಲಿ ಮಾತ್ರವಲ್ಲ, ಕರ್ನಾಟಕದಲ್ಲೂ 2000ದ ದಶಕದಲ್ಲಿ ದಾಖಲಾಗಿದೆ. ಮುಂಗಡ ಪಡೆದವನು ಅಪ್ಪ, ತೀರಿಸುವವರು ಮಕ್ಕಳು. ಚೋಮನ ಲೆಕ್ಕ ಇದಕ್ಕಿಂತ ಬೇರೆಯಿತ್ತೇ?

ಸ್ವತಂತ್ರ ಮನುಷ್ಯನನ್ನು ಮಾರಿ ಹಣ ತಿಂದವನ ವಿರುದ್ಧ, ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದನ್ನು ನಮ್ಮ ಶಾಸನಕಾರರು ಬಿಡಿ, ನಾವಾದರೂ ಗಮನಿಸಿದ್ದೇವೆಯೇ? ಕುರ್‌ಆನ್ ಹೇಳುವ ಝಕಾತ್‌ನ ಎಂಟು ಬಾಬತ್ತುಗಳಲ್ಲಿ ದಾಸ್ಯ ವಿಮೋಚನೆಯೂ ಇದೆ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ರಮಝಾನ್‌ನಲ್ಲಿ ಸೀರೆ, ಅಕ್ಕಿ ಚೀಲ ಹಂಚುವ ಎಷ್ಟು ಸಮಿತಿಗಳ ಪಟ್ಟಿಯಲ್ಲಿ ಮುಂಗಡಕ್ಕೆ ಒತ್ತೆಬಿದ್ದ ಮನೆಯ ಹೆಸರಿದೆ?

ಬೆಳ್ಳಿ ಇಂದು ಬಿಡುಗಡೆಯಾದಳೆಂದು ಇಟ್ಟುಕೊಳ್ಳಿ. 2016ರ ಕೇಂದ್ರ ಪುನರ್ವಸತಿ ಯೋಜನೆಯಂತೆ ಲೈಂಗಿಕ ಶೋಷಣೆ, ಕಳ್ಳಸಾಗಣೆಯಿಂದ ಪಾರಾದ ಹೆಣ್ಣಿಗೆ 3 ಲಕ್ಷ ರೂಪಾಯಿ ಸಲ್ಲಬೇಕು. 2022ರ ತಿದ್ದುಪಡಿಯಂತೆ ತಕ್ಷಣಕ್ಕೆ 30,000ದವರೆಗೆ ಸಿಕ್ಕೀತು. ಪೂರ್ಣ ಮೊತ್ತ ಕೈಗೆ ಬರಬೇಕಾದರೆ ಜೀತ ನಡೆದದ್ದು ಕಾನೂನಿನ ಮುಂದೆ ಸಾಬೀತಾಗಬೇಕು. ಅದಕ್ಕೆ ತೋಟದ ಲೆಕ್ಕದ ಪುಸ್ತಕ ಬೇಕು. ಅದು ಮನ್ವೇಲನ ಕೈಯಲ್ಲಿದೆ.