ಅರಸನಿಗೂ ಅಗಸನಿಗೂ ಒಂದಕ್ಷರ ದೂರ

ನಮ್ಮ ವಿಮರ್ಶಕರು ಪಂಪನನ್ನು ಓದುತ್ತಾರೆ, ವಚನ ಓದುತ್ತಾರೆ, ನಿನ್ನೆ ಮೊನ್ನೆ ಬಂದ ಕವಿತೆಯನ್ನೂ ಬಿಡುವುದಿಲ್ಲ. ಆದರೆ ಈ ನಾಡಿನಲ್ಲಿ ಲಕ್ಷಾಂತರ ಕೈಗಳು ಮೊದಲು ಮುಟ್ಟುವ ಪುಸ್ತಕವನ್ನು ವಿಮರ್ಶೆಗೆ ಎತ್ತಿಕೊಳ್ಳುವವರು ಕಡಿಮೆ. ಅದು ಒಂದನೇ ತರಗತಿಯ ಕನ್ನಡ ಪುಸ್ತಕ. ಅದರ ಅಣ್ಣನಂತೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರಾಟಕ್ಕೆ ನೇತಾಡುವ ಅಕ್ಷರಮಾಲೆಯ ಪಟ. ಅದನ್ನೂ ಒಂದು ಕೃತಿ ಅಂತ ಓದಬೇಡವೆ?

ಓದೋಣ. ಅ ಅಂದರೆ ಅರಸ. ಋ ಅಂದರೆ ಋಷಿ. ಖ ಅಂದರೆ ಖಡ್ಗ. ಘ ಅಂದರೆ ಘಂಟೆ. ಢ ಅಂದರೆ ಢಕ್ಕೆ. ಕ್ಷ ಅಂದರೆ ಕ್ಷತ್ರಿಯ. ಇಲಿ, ಊಟ, ಏಣಿಗಳೂ ಇವೆ, ಇಲ್ಲ ಅನ್ನೋದಿಲ್ಲ. ಅಚ್ಚಿನಿಂದ ಅಚ್ಚಿಗೆ ಒಂದೆರಡು ಮಾತು ಬದಲಾಗುತ್ತವೆ, ಪ್ರಪಂಚ ಬದಲಾಗುವುದಿಲ್ಲ. ಅಲ್ಲಿ ಅರಮನೆ ಇದೆ, ಆಶ್ರಮ ಇದೆ, ಯುದ್ಧ ಇದೆ, ಗುಡಿ ಇದೆ. ತಮಟೆ ಕಾಣುವುದು ಅಪರೂಪ. ರಂಪಿಗೆ, ಉಳಿ ಹಿಡಿದ ಕೈ ಇನ್ನೂ ಅಪರೂಪ. ಙ, ಞ ಎಂಬ ಎರಡು ಅಕ್ಷರಗಳ ಮುಂದೆ ಚಿತ್ರವೇ ಇರುವುದಿಲ್ಲ. ಯಾಕೆಂದರೆ ಅವುಗಳಿಂದ ಶುರುವಾಗುವ ಮಾತು ಇವತ್ತಿನ ಕನ್ನಡದಲ್ಲಿಲ್ಲ. ಮಾತೇ ಇಲ್ಲದ ಅಕ್ಷರಕ್ಕೂ ಪಟದಲ್ಲಿ ಒಂದು ಮನೆ ಸಿಕ್ಕಿದೆ. ಬಾಯಿ ತುಂಬ ಮಾತಿಟ್ಟುಕೊಂಡು ಬಂದ ಕೇರಿಯ ಮಗುವಿಗೆ ಅಲ್ಲಿ ಮನೆ ಇಲ್ಲ.

ಸರ್ಕಾರಿ ಶಾಲೆಯ ಪುಸ್ತಕ ಈ ಪಟದ ದಾರಿ ಬಿಟ್ಟಿತು. ಅಲ್ಲಿ ಅ ಆ ಇ ಈ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಪಾಠ ಶುರುಮಾಡುವುದು ರೂಢಿಗೆ ಬಂತು. ಇದು ಒಳ್ಳೆಯ ಕೆಲಸ. ಐವತ್ತು ಅಕ್ಷರ ಬಾಯಿಪಾಠ ಆಗುವ ತನಕ ಕಾಯಬೇಕಿಲ್ಲ, ಐದು ಕಲಿತ ಮಗು ಆಗಲೇ ಮಾತು ಕಟ್ಟಬಹುದು. ಸರ, ರಸ, ದರ, ಗರಗಸ, ಅರಸ, ಅಗಸ. ಕೊನೆಯ ಎರಡನ್ನು ಇನ್ನೊಮ್ಮೆ ನೋಡಿ. ಅರಸ, ಅಗಸ. ನಡುವಿನ ರ ತೆಗೆದು ಗ ಇಟ್ಟರೆ ಸಿಂಹಾಸನದಿಂದ ಮಡಿಕಟ್ಟೆಗೆ ಬಂದುಬಿಡುತ್ತೇವೆ. ಓದು ಅಂದರೇನು ಅಂತ ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಬೇಕೆ? ಒಂದು ಅಕ್ಷರ ಬದಲಾದರೆ ಒಂದು ಲೋಕ ಬದಲಾಗುತ್ತದೆ. ಆದರೆ ಮೇಷ್ಟ್ರು ಅರಸನಿಗೆ ಕಿರೀಟ, ಅಗಸನಿಗೆ ಬಟ್ಟೆಗಂಟು ಬರೆದು ಸುಮ್ಮನಾದರೆ ಮಗು ಅಕ್ಷರದ ಜೊತೆಗೇ ಜಾತಿಯನ್ನೂ ಕಲಿಯುತ್ತದೆ. ಹನ್ನೆರಡನೇ ಶತಮಾನದಲ್ಲಿ ಮಡಿವಾಳ ಮಾಚಿದೇವ ಎಂಬ ವಚನಕಾರನಿದ್ದ ಅಂತ ಅದೇ ಹೊತ್ತಿನಲ್ಲಿ ಒಂದು ಮಾತು ಹೇಳಿದರೆ ಪಾಠವೇ ಬೇರೆ.

ಕನ್ನಡ ಓದಲು ಕಲಿಯುವುದು ಸಣ್ಣ ಕೆಲಸವಲ್ಲ. 34 ವ್ಯಂಜನ, ಒಂದೊಂದಕ್ಕೂ ಹದಿನೈದರಷ್ಟು ಕಾಗುಣಿತ ಅಂತ ಲೆಕ್ಕ ಹಾಕಿದರೆ ಐನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಕನ್ನಡದ ಮಕ್ಕಳು ಓದು ಕಲಿಯುವ ವೇಗದ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ನಾಲ್ಕನೇ ತರಗತಿಯವರೆಗೂ ನಡೆದಿರುತ್ತದೆ ಎಂದು ತೋರಿಸಿತು. ಹೀಗಿರುವಾಗ ಎರಡನೇ ತರಗತಿಯಲ್ಲೇ 'ಇದರ ತಲೇಲಿ ಏನೂ ಇಲ್ಲ' ಅಂತ ಹಿಂದಿನ ಸಾಲಿಗೆ ತಳ್ಳುವುದು ಯಾವ ನ್ಯಾಯ? ಮನೆಯಲ್ಲಿ ಹೇಳಿಕೊಡುವವರಿದ್ದ ಮಗು ಆ ನಾಲ್ಕು ವರ್ಷ ಹೇಗೋ ದಾಟುತ್ತದೆ. ಹೆಬ್ಬೆಟ್ಟೊತ್ತುವ ಮನೆಯಿಂದ ಬಂದದ್ದು ಅಲ್ಲೇ ಬೀಳುತ್ತದೆ. ಬಿದ್ದದ್ದಕ್ಕೆ ದಡ್ಡತನ ಅಂತ ಹೆಸರು.

ಬಿದ್ದ ಮಗುವಿಗೆ ಕೊಡುವ ಮದ್ದು ಯಾವುದು? ತಿದ್ದುವುದು. ಒಂದೇ ಅಕ್ಷರ ನೂರು ಸಲ. ಕೈ ಸೋಲುತ್ತದೆ, ಅಕ್ಷರ ದುಂಡಗಾಗುತ್ತದೆ, ಓದು ಮಾತ್ರ ಬರುವುದಿಲ್ಲ. ದನಿಗೂ ಗುರುತಿಗೂ ಇರುವ ನಂಟು ಕಿವಿಗೆ ಬೀಳದೆ, ಅರ್ಥ ಮನಸ್ಸಿಗೆ ತಾಗದೆ, ಬರೀ ಬೆರಳು ಓಡಾಡಿದರೆ ಅದು ಬರವಣಿಗೆಯಲ್ಲ, ಜೀತ. ಇನ್ನೊಬ್ಬರ ಗೆರೆಯ ಮೇಲೆ ಗೆರೆ ಎಳೆಯುತ್ತ ಕೂತವನಿಗೆ ತನ್ನದೂ ಒಂದು ಮಾತಿದೆ, ಅದನ್ನೂ ಬರೆಯಬಹುದು ಅನ್ನುವುದು ಹೊಳೆಯುವುದು ಯಾವಾಗ?

'ಈ ಮಕ್ಕಳಿಗೆ ಶಬ್ದಭಂಡಾರವೇ ಇಲ್ಲ' ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ. ಅವ್ವನ ಜೊತೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳಲು ಹೋಗುವ ಆರು ವರ್ಷದ ಹುಡುಗಿಯನ್ನು ಕೇಳಿ ನೋಡಿ. ಅಣ್ಣೆ, ಹೊನಗೊನೆ, ಗಣಿಕೆ, ಕೀರೆ, ಗೋಣಿ ಅಂತ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಎಲೆಯ ಅಂಚು, ಕಾಂಡದ ಬಣ್ಣ ನೋಡಿ ತಿನ್ನುವುದು ಯಾವುದು, ಬಿಡುವುದು ಯಾವುದು ಅಂತ ಬೇರೆ ಮಾಡುತ್ತಾಳೆ. ಅಷ್ಟು ಸೂಕ್ಷ್ಮದ ಕಣ್ಣಿಗೆ ಪ, ವ, ಮ, ಷಗಳ ನಡುವಿನ ಒಂದು ಕೊಂಡಿಯ ವ್ಯತ್ಯಾಸ ಯಾವ ಲೆಕ್ಕ? ಭಂಡಾರ ಇದೆ ಕಣ್ರಯ್ಯ, ಅದರ ಬೀಗದ ಕೈ ನಿಮ್ಮ ಪುಸ್ತಕದಲ್ಲಿಲ್ಲ. ಋಷಿ ಗೊತ್ತಾ ಅಂತ ಕೇಳಿ, ಗೊತ್ತಿಲ್ಲ ಅಂದಾಗ ಸೊನ್ನೆ ಹಾಕುವವರು ಅಳೆಯುತ್ತಿರುವುದು ಮಗುವನ್ನಲ್ಲ, ತಮ್ಮ ಮನೆಯನ್ನು.

ಇನ್ನು ನಾಲಗೆಯ ವಿಚಾರ. ನಮ್ಮ ಕಡೆ ಹಾಲು 'ಆಲು', ಹಲ್ಲು 'ಅಲ್ಲು', ಹೊಲ 'ವಲ'. ನಾನು ಓದಿದ ಶಾಲೆಯಲ್ಲಿ ಈ ಒಂದು ಹಕಾರಕ್ಕೆ ಇಡೀ ತರಗತಿ ನಗುತ್ತಿತ್ತು, ನಗಿಸುತ್ತಿದ್ದದ್ದು ಮೇಷ್ಟ್ರು. ನಕ್ಕ ಮೇಲೆ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗು ಓದುವುದಾದರೂ ಹೇಗೆ? ಹಳಗನ್ನಡದಲ್ಲಿ ಅದು ಪಾಲ್. ಪಾಲ್ ಹೋಗಿ ಹಾಲಾಯಿತು, ಪಲ್ ಹೋಗಿ ಹಲ್ಲಾಯಿತು, ಪುಲಿ ಹುಲಿಯಾಯಿತು. ಅದಕ್ಕೆ ಪಂಡಿತರು ಭಾಷೆಯ ಚರಿತ್ರೆ ಅನ್ನುತ್ತಾರೆ. ಅದೇ ಹಾಲು ಕೇರಿಗೆ ಬಂದು ಆಲು ಆದರೆ ಉಚ್ಚಾರದೋಷ! ಪಕಾರ ಬಿಟ್ಟವರು ವಿದ್ವಾಂಸರು, ಹಕಾರ ಬಿಟ್ಟವರು ದಡ್ಡರೆ? 'ನಿಮ್ಮ ಮನೇಲಿ ಆಲು, ಪುಸ್ತಕದಲ್ಲಿ ಹಾಲು, ಕರೆದದ್ದು ಒಂದೇ ಎಮ್ಮೆ' ಅಂತ ಹೇಳುವ ಮೇಷ್ಟ್ರು ಎರಡು ನಿಮಿಷದಲ್ಲಿ ಮಗುವಿನ ಮಾನವನ್ನೂ ಕಾಗುಣಿತವನ್ನೂ ಉಳಿಸಬಲ್ಲರು.

ಮಹಾಪ್ರಾಣದ ಜಗಳವೂ ಇದಕ್ಕೆ ಸೇರಿದ್ದೇ. ಹೆಚ್ಚಿನ ಕನ್ನಡಿಗರ ನಾಲಗೆಯಲ್ಲಿ ಇಲ್ಲದ ಖ, ಘ, ಧ, ಭಗಳನ್ನು ಬರಹದಲ್ಲಿ ಹೊರಿಸುವುದು ಬೇಡ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು, ತಮ್ಮ ಹೆಸರನ್ನೇ 'ಬಟ್' ಅಂತ ಬರೆದುಕೊಂಡರು. ಆ ವಾದದಲ್ಲಿ ನಮ್ಮ ಮಕ್ಕಳ ಮೇಲಿನ ಕರುಣೆ ಇದೆ, ಭಾಷೆಯ ಸತ್ಯವೂ ಇದೆ. ಆದರೂ ನನ್ನದೊಂದು ತಕರಾರು. ಕೂಲಿ, ಜೀತ, ಸಾಲ, ಬಡತನ: ಇವೆಲ್ಲ ಅಲ್ಪಪ್ರಾಣ. ಖಾತೆ, ಭೂಮಿ, ಅಧಿಕಾರ, ಸಂವಿಧಾನ: ಇವೆಲ್ಲ ಮಹಾಪ್ರಾಣ. ಊರಿಗೆಲ್ಲ ಲಿಪಿ ಬದಲಾಗುವ ದಿನ ಬಂದರೆ ಬರಲಿ. ಅಲ್ಲಿಯತನಕ ನಮ್ಮ ಮಕ್ಕಳಿಗೆ ಮಾತ್ರ ಆ ಅಕ್ಷರಗಳನ್ನು ಬಿಟ್ಟುಕೊಡುವುದು ದಾನವಲ್ಲ, ಮೋಸ. ಕಲಿಸಿ, ಆದರೆ ಖಡ್ಗ ಬೇಡ. ಖ ಅಂದರೆ ಖಾತೆ ಅನ್ನಿ. ಯಾರ ಹೆಸರಿನಲ್ಲಿದೆ, ಯಾಕೆ ನಮ್ಮ ಹೆಸರಿನಲ್ಲಿಲ್ಲ ಅಂತ ಮಗು ಮನೆಗೆ ಹೋಗಿ ಕೇಳುತ್ತದೆ. ಆ ಅಕ್ಷರವನ್ನು ಅದು ಸಾಯುವ ತನಕ ಮರೆಯುವುದಿಲ್ಲ.

ಬೇರೆ ದೇಶದವರು ಇದನ್ನು ಮಾಡಿ ನೋಡಿದ್ದಾರೆ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್, ಮಗು ಇವತ್ತು ಯಾವ ಮಾತು ಕೇಳುತ್ತದೋ ಅದನ್ನೇ ಚೀಟಿಯ ಮೇಲೆ ಬರೆದುಕೊಡುತ್ತಿದ್ದಳು. ದೆವ್ವ, ಮುತ್ತು, ಅಮ್ಮ. ಭಯ ಮತ್ತು ಪ್ರೀತಿಯ ಮಾತುಗಳನ್ನು ಮಕ್ಕಳು ಒಂದೇ ನೋಟಕ್ಕೆ ಹಿಡಿಯುತ್ತಿದ್ದವು. ಆಕೆ ಇದನ್ನು ಪುಸ್ತಕವಾಗಿ ತಂದ 1963ರಲ್ಲೇ ಬ್ರೆಜಿಲ್ಲಿನ ಆಂಜಿಕೋಸ್ ಎಂಬ ಊರಿನಲ್ಲಿ ಪಾಲೊ ಫ್ರೇರೆ 300 ಜನ ದುಡಿಯುವವರಿಗೆ 40 ಗಂಟೆಯಲ್ಲಿ ಓದು ಕಲಿಸುವ ಪ್ರಯೋಗ ನಡೆಸಿದ. ಅವರು ದೊಡ್ಡವರು, ಆದರೆ ದಾರಿ ಒಂದೇ. ಇಟ್ಟಿಗೆಗೆ ಅವರ ಭಾಷೆಯಲ್ಲಿ 'ತಿಜೊಲೊ'. ಅದನ್ನು ತಿ-ಜೊ-ಲೊ ಅಂತ ಒಡೆದು ತ, ತೆ, ತಿ, ತೊ, ತು ಅಂತ ಹರಡಿದ. ಇದು ನಮ್ಮ ಕಾಗುಣಿತವೇ ಅಲ್ಲವೆ? ಆ ದೇಶದಲ್ಲಿ ಆಗ ಓದು ಬಾರದವನಿಗೆ ಓಟಿರಲಿಲ್ಲ. ಅದು ಸಿಕ್ಕಿದ್ದು 1985ರಲ್ಲಿ. 1964ರಲ್ಲಿ ಸೈನ್ಯ ಅಧಿಕಾರ ಹಿಡಿದು ಫ್ರೇರೆಯನ್ನು ಜೈಲಿಗೆ ಹಾಕಿತು, ಅವನು ದೇಶ ಬಿಡಬೇಕಾಯಿತು. ಅಕ್ಷರ ಕಲಿಸುವವನಿಗೆ ಬಂದೂಕು ಹೆದರಿದ್ದು ಸುಮ್ಮನೆ ಅಲ್ಲ.

ನಮ್ಮಲ್ಲೂ ಆಸೆ ಹುಟ್ಟಿಸಿದ ಕೆಲಸ ಆಗಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು 1995ರಲ್ಲಿ ಕಟ್ಟಿದ್ದು ನಲಿ-ಕಲಿ. ಕಾರ್ಡು, ಗುಂಪು, ಕಲಿಕೆಯ ಏಣಿ, ಅವರವರ ನಡಿಗೆಗೆ ತಕ್ಕ ಓದು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು. ಮಗುವನ್ನು ಹೊಡೆಯದೆ, ಹೆದರಿಸದೆ ಕಲಿಸಬಹುದು ಅಂತ ತೋರಿಸಿದ್ದಕ್ಕೆ ಅವರಿಗೆ ಶರಣು. ಆದರೆ ಮೇಷ್ಟ್ರ ಕೈಬರಹದಲ್ಲಿ ಹುಟ್ಟಿದ್ದು ಅಚ್ಚಾಗಿ ಊರೂರಿಗೆ ಹೋಗುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಏಣಿ ಸರಿ, ಮೆಟ್ಟಿಲ ಮೇಲಿನ ಮಾತು ಯಾವ ಮನೆಯದು? 2021ರಲ್ಲಿ ಬಂದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಮಗು ಅರ್ಥಮಾಡಿಕೊಂಡು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂದು ಗುರಿ ಇಟ್ಟಿತು. ಓದಲಿ, ಬೇಡ ಅನ್ನುವವರು ಯಾರು? ಆದರೆ ಗಡಿಯಾರ ಹಿಡಿದು ನಿಂತವರು ಆ ಅರವತ್ತರಲ್ಲಿ ನಮ್ಮವು ಎಷ್ಟು ಅಂತಲೂ ಎಣಿಸಲಿ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಪಂಚಮರ ಮಕ್ಕಳಿಗೆ ಶಾಲೆ ತೆರೆದಾಗ ದಾಟಬೇಕಿದ್ದದ್ದು ಶಾಲೆಯ ಬಾಗಿಲು. ಆ ಬಾಗಿಲು ಕಾನೂನಿನ ಮಟ್ಟಿಗೆ ತೆರೆಯಿತು. ಪುಸ್ತಕದ ಬಾಗಿಲು ಇನ್ನೂ ಅರ್ಧ ಮುಚ್ಚಿದೆ. ಅದನ್ನು ನೂಕಲು ಬೇಕಾದದ್ದು ಒಂದು ಸೀಮೆಸುಣ್ಣ. ಮಗು ತನ್ನ ಮಾತು ಹೇಳಲಿ, ಮೇಷ್ಟ್ರು ಅದನ್ನು ಹಲಗೆಯ ಮೇಲೆ ಬರೆಯಲಿ, ಮಗು ತನ್ನ ಮಾತನ್ನೇ ಓದಲಿ, ಒಡೆದು ನೋಡಲಿ, ಆಮೇಲೆ ಲೋಕದ ಮಾತಿಗೆ ಹೋಗಲಿ. ಕರಿ, ಕಿರಿ, ಕುರಿ, ಕೇರಿ. ನಾಲ್ಕು ಕಾಗುಣಿತ ದಾಟಿದರೆ ನಮ್ಮ ಕೇರಿ ಬರುತ್ತದೆ ಅಂತ ಮಗುವಿಗೆ ಗೊತ್ತಾಗಲಿ.

ಕವಿ ಗೆಳೆಯರಿಗೆ ಒಂದು ಮಾತು. ಮೆರವಣಿಗೆಗೆ ಹಾಡು ಕಟ್ಟಿದ ಕೈ ಒಂದನೇ ತರಗತಿಗೂ ನಾಲ್ಕು ಸಾಲು ಕಟ್ಟಲಿ. ಐದೇ ಅಕ್ಷರದಲ್ಲಿ, ಒತ್ತಿಲ್ಲದೆ, ಉಪದೇಶವಿಲ್ಲದೆ. ಇದಕ್ಕಿಂತ ಕಷ್ಟದ ಛಂದಸ್ಸು ನಾನು ಕಂಡಿಲ್ಲ.