ಹೂಂಗುಟ್ಟುವಿಕೆ ಮತ್ತು ಉತ್ತರ: ಗೌರಿಬಿದನೂರು ಸೀಮೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣ ಹಾಗೂ ಓದಿನ ಅಭ್ಯಾಸ

ಜಾನಪದ ಅಧ್ಯಯನದ ವ್ಯಾಪ್ತಿ ಎಲ್ಲಿಂದ ಎಲ್ಲಿಯವರೆಗೆ ಎಂಬ ಬಗೆಗೆ ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಶಾಲೆಯ ಕೊಠಡಿಯನ್ನು, ಅದರಲ್ಲೂ ಇಂಗ್ಲಿಷ್ ಪಾಠದ ಅವಧಿಯನ್ನು, ಜಾನಪದ ವಿದ್ವಾಂಸರು ತಮ್ಮ ಕ್ಷೇತ್ರವೆಂದು ಭಾವಿಸಿದ್ದು ವಿರಳ. ಕತೆ, ಒಗಟು, ಗಾದೆಗಳು ಮನೆಯವು. ವ್ಯಾಕರಣ ಹಾಗೂ ಪರೀಕ್ಷೆಗಳು ಶಾಲೆಯವು ಎಂಬ ವಿಭಜನೆಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ. ಪ್ರಸ್ತುತ ಲೇಖನವು ಆ ಗೆರೆಯನ್ನು ದಾಟಿ, ಗೌರಿಬಿದನೂರು ಸೀಮೆಯ ಪ್ರೌಢಶಾಲೆಗಳಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಅಭ್ಯಾಸ ಪುಸ್ತಕವೆಂಬ ಬರವಣಿಗೆಯ ಪ್ರಕಾರವನ್ನು ವಿಮರ್ಶೆಗೆ ಒಳಪಡಿಸುತ್ತದೆ. ಯಾವುದೇ ಒಂದು ಪುಸ್ತಕದ ಅಥವಾ ಶಾಲೆಯ ದೋಷವನ್ನು ಎತ್ತಿ ತೋರಿಸುವುದು ಇಲ್ಲಿನ ಉದ್ದೇಶವಲ್ಲ.

1. ಸೀಮೆ ಮತ್ತು ನುಡಿ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿದವು. ಆಡಳಿತದ ಗಡಿಗಳು ಬದಲಾದರೂ ಇಲ್ಲಿನ ನುಡಿಯ ನಕ್ಷೆ ಬದಲಾಗಿಲ್ಲ. ಗೌರಿಬಿದನೂರಿನ ಉತ್ತರಕ್ಕೆ ಆಂಧ್ರಪ್ರದೇಶದ ಹಿಂದೂಪುರವಿದೆ. ಸಂತೆ, ಸಂಬಂಧ, ಕೂಲಿಗಳಿಗೆ ಗಡಿ ಅಡ್ಡಬರುವುದಿಲ್ಲ. ಅನೇಕ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯೋಗಿಗಳು ಎರಡೂ ನುಡಿಗಳಲ್ಲಿ ರಚಿಸಿದ ಪದಗಳು ಇಂದಿಗೂ ಭಜನೆಯ ಗುಂಪುಗಳಲ್ಲಿ ಉಳಿದಿರುವುದು ಈ ದ್ವಿಭಾಷಿಕತೆಯ ದೀರ್ಘ ಚರಿತ್ರೆಗೆ ಸಾಕ್ಷಿಯಾಗಿದೆ.

ಹೀಗಾಗಿ ಇಲ್ಲಿನ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎಂಬುದು ಮೂರನೆಯ ನುಡಿ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ 2007-08ರಲ್ಲಿ ಜಾರಿಗೆ ಬಂದಿತು. ಅದಾಗಿ ಎಂಟನೆಯ ತರಗತಿಗೆ ಬರುವ ಮಗು ಏಳು ವರ್ಷಗಳ ಇಂಗ್ಲಿಷನ್ನು ಬೆನ್ನ ಮೇಲೆ ಹೊತ್ತು ಬಂದಿರುತ್ತದೆ. ಆದರೂ ನಾಲ್ಕು ವಾಕ್ಯಗಳ ಅಪರಿಚಿತ ಗದ್ಯವನ್ನು ಓದಿ ‘ಇದರಲ್ಲಿ ಏನಾಯಿತು?’ ಎಂದು ಕೇಳಿದರೆ ತಲೆ ತಗ್ಗಿಸುವ ಮಕ್ಕಳು ಕಡಿಮೆಯೇನಿಲ್ಲ. ಅದೇ ಮಗು ಮನೆಯಲ್ಲಿ ಅಜ್ಜಿಯ ಕತೆಯ ನಡುವೆ ‘ಆಮೇಲೆ?’, ‘ಅವಳ್ಯಾಕೆ ಹಂಗಂದ್ಲು?’ ಎಂದು ಕೇಳುತ್ತದೆ. ಗ್ರಹಿಸುವ ಶಕ್ತಿ ಮಗುವಿನಲ್ಲಿದೆ; ಅದು ಶಾಲೆಯ ಬಾಗಿಲಲ್ಲಿ ಏಕೆ ನಿಂತುಬಿಡುತ್ತದೆ ಎಂಬುದೇ ನಮ್ಮ ಪ್ರಶ್ನೆ.

2. ಪ್ರಯೋಗವಿಲ್ಲದ ಸೂತ್ರ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನೆಸ್‌ಫೀಲ್ಡ್, 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ರಚಿಸಿದ ವ್ಯಾಕರಣಗಳು ಭಾರತದ ಶಾಲೆಗಳಲ್ಲಿ ಬಹುಕಾಲ ಆಳಿದವು. ಇಂದು ಪೇಟೆಯ ಅಂಗಡಿಗಳಲ್ಲಿ ದೊರೆಯುವ ಗೈಡುಗಳು ಅವುಗಳ ದೂರದ ಸಂತಾನ. ನಿಯಮ, ಒಂದೆರಡು ಉದಾಹರಣೆ, ಬಳಿಕ ಬಿಟ್ಟ ಸ್ಥಳ ತುಂಬುವ ಇಪ್ಪತ್ತು ವಾಕ್ಯಗಳು ಎಂಬುದು ಇವುಗಳ ಸಿದ್ಧ ವಿನ್ಯಾಸ.

ಮೇಲ್ನೋಟಕ್ಕೆ ಇದು ನಮ್ಮ ಪರಂಪರೆಯ ವಿನ್ಯಾಸವನ್ನೇ ಹೋಲುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿಯೂ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವಿದೆ. ಆದರೆ ಕೇಶಿರಾಜನ ಪ್ರಯೋಗಗಳು ಪೂರ್ವಕವಿಗಳ ಕಾವ್ಯಗಳಿಂದ ಆಯ್ದವು. ಯಾರೋ ಯಾವುದೋ ಸಂದರ್ಭದಲ್ಲಿ ಆಡಿದ ಮಾತು ಅಲ್ಲಿ ಸೂತ್ರಕ್ಕೆ ಆಧಾರ. ಗೈಡಿನ ವಾಕ್ಯಕ್ಕೆ ಆಡಿದವರಿಲ್ಲ, ಕೇಳಿದವರಿಲ್ಲ. ಯಾರೋ ಒಬ್ಬ ರವಿ ಯಾವುದೋ ಒಂದು ಮಾವಿನ ಹಣ್ಣನ್ನು ತಿನ್ನುತ್ತಾನೆ. ಮರುಸಾಲಿನಲ್ಲಿ ಅದೇ ಹಣ್ಣು ರವಿಯಿಂದ ತಿನ್ನಲ್ಪಡುತ್ತದೆ. ಏಕೆ ಹಾಗೆ ಮಾತನ್ನು ತಿರುಗಿಸಬೇಕು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. ಕನ್ನಡದ ಆಡುಮಾತಿನಲ್ಲಿಯೂ ಕರ್ಮಣಿ ಪ್ರಯೋಗ ಅಪರೂಪವಾದ್ದರಿಂದ ಅದಕ್ಕೆ ಮನೆಯ ಮಾತಿನ ಆಸರೆಯೂ ಸಿಗುವುದಿಲ್ಲ.

ಮನೆಯ ಮಾತಿನ ಆಸರೆ ನಿಜವಾಗಿ ಇರುವ ಕಡೆಯೂ ಅಭ್ಯಾಸ ಪುಸ್ತಕ ಅದನ್ನು ಗಮನಿಸುವುದಿಲ್ಲ ಎಂಬುದು ಇನ್ನೂ ಗಂಭೀರವಾದ ಸಂಗತಿ. ಎರಡು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ಆರ್ಟಿಕಲ್. ಕನ್ನಡ, ತೆಲುಗುಗಳಲ್ಲಿ ‘ಎ’, ‘ದಿ’ಗಳಂಥ ಪದಗಳಿಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅವು ಕಷ್ಟ ಎಂಬುದು ರೂಢಿಯ ಮಾತು. ಆದರೆ ಕತೆಯ ಆರಂಭವನ್ನು ಗಮನಿಸಿ: ‘ಒಂದೂರಲ್ಲಿ ಒಬ್ಬ ರಾಜ. ಆ ರಾಜನಿಗೆ ಏಳು ಜನ ಮಕ್ಕಳು.’ ತೆಲುಗಿನಲ್ಲಿಯೂ ಹಾಗೆಯೇ: ‘ಅನಗನಗಾ ಒಕ ರಾಜು. ಆ ರಾಜುಕಿ...’ ಕೇಳುಗನಿಗೆ ಹೊಸದಾಗಿ ಪರಿಚಯವಾಗುವ ವ್ಯಕ್ತಿಗೆ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಇಂಗ್ಲಿಷಿನ ‘ಎ ಕಿಂಗ್’, ‘ದಿ ಕಿಂಗ್’ ಎಂಬ ಭೇದದ ಒಂದು ಮುಖ್ಯ ತತ್ತ್ವ ಇದೇ ಆಗಿದೆ. ಆರ್ಟಿಕಲ್‌ನ ಎಲ್ಲ ಬಳಕೆಗಳನ್ನೂ ಇದು ವಿವರಿಸಲಾರದು, ನಿಜ. ಆದರೆ ಮಗು ಐದು ವರ್ಷಕ್ಕೆ ಮೊದಲೇ ಕಿವಿಯಿಂದ ಕಲಿತ ಒಂದು ವ್ಯವಸ್ಥೆಯನ್ನು ಶಾಲೆ ‘ಇಲ್ಲ’ ಎಂದು ಬಗೆದು ಪಾಠ ಆರಂಭಿಸುತ್ತದೆ.

ಎರಡನೆಯದು ರಿಪೋರ್ಟೆಡ್ ಸ್ಪೀಚ್. ‘ನಾಳೆ ಬರ್ತೀನಿ ಅಂತ ಹೇಳಿದ’ ಎಂಬಲ್ಲಿ ಆಡಿದವನ ಮಾತು, ಅವನ ಕಾಲ, ಅವನ ‘ನಾನು’ ಎಲ್ಲವೂ ಹಾಗೆಯೇ ಉಳಿಯುತ್ತವೆ. ‘ಅಂತ’ ಎಂಬ ಒಂದು ಪದ ಅದನ್ನು ಹೊತ್ತು ತರುತ್ತದೆ. ತೆಲುಗಿನ ‘ಅನಿ’ಯ ಕೆಲಸವೂ ಇದೇ. ನಮ್ಮ ಕತೆಗಾರ್ತಿಯರು ಪಾತ್ರಗಳ ದನಿಯನ್ನು ಅನುಕರಿಸುತ್ತ ಕತೆ ಹೇಳಲು ಈ ರಚನೆ ಅನುಕೂಲ ಮಾಡಿಕೊಡುತ್ತದೆ. ಇಂಗ್ಲಿಷಿನಲ್ಲಾದರೋ ‘ಐ’ ಎಂಬುದು ‘ಹಿ’ ಆಗಬೇಕು, ‘ವಿಲ್’ ಎಂಬುದು ‘ವುಡ್’ ಆಗಬೇಕು, ‘ಟುಮಾರೊ’ ಎಂಬುದು ‘ದಿ ನೆಕ್ಸ್ಟ್ ಡೇ’ ಆಗಬೇಕು. ಅಂದರೆ ವರದಿ ಮಾಡುವವನು ತಾನು ನಿಂತ ಜಾಗದಿಂದ ಇಡೀ ಮಾತನ್ನು ಮರುಜೋಡಿಸಬೇಕು. ಈ ನಿಲುವಿನ ವ್ಯತ್ಯಾಸವನ್ನು ವಿವರಿಸಿದರೆ ಮಗು ಕುತೂಹಲದಿಂದ ಕೇಳುತ್ತದೆ. ಗೈಡು ಅದನ್ನು ವಿವರಿಸದೆ, ಎಡಸಾಲಿನ ಪದಕ್ಕೆ ಬಲಸಾಲಿನ ಪದ ಎಂಬ ಪಟ್ಟಿಯನ್ನು ಕೊಟ್ಟು ಕಂಠಪಾಠ ಮಾಡಿಸುತ್ತದೆ.

3. ಹುಡುಕುವ ಓದು

ಗದ್ಯಭಾಗವನ್ನು ಓದಿ ಉತ್ತರಿಸುವ ಅಭ್ಯಾಸದ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಈ ಭಾಗದ ಶಾಲೆಗಳಿಗೆ ಹತ್ತಿರವಾದ ವಿಷಯವನ್ನೇ ತೆಗೆದುಕೊಳ್ಳೋಣ. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಜನಿಸಿದರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು, ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತರು ಎಂಬ ಮೂರು ವಾಕ್ಯಗಳಿವೆ ಎನ್ನೋಣ. ‘ಅವರು ಎಲ್ಲಿ ಜನಿಸಿದರು?’ ಎಂಬುದು ಪ್ರಶ್ನೆ. ಮಗು ‘ಬಾರ್ನ್’ ಎಂಬ ಪದದ ಆಕಾರವನ್ನು ಹುಡುಕಿ, ಆ ಸಾಲನ್ನು ಆರಂಭದಿಂದ ಪೂರ್ಣವಿರಾಮದವರೆಗೆ ನಕಲು ಮಾಡುತ್ತದೆ. ಉತ್ತರ ಸರಿ, ಅಂಕ ಪೂರ್ಣ. ಆದರೆ ‘ಬಾರ್ನ್’ ಎಂದರೆ ಏನೆಂದು ತಿಳಿಯದೆಯೂ ಈ ಉತ್ತರವನ್ನು ಬರೆಯಬಹುದು. ಇಲ್ಲಿ ನಡೆದಿರುವುದು ಓದಲ್ಲ, ಕಣ್ಣಿನ ಹುಡುಕಾಟ. ‘ಆ ಕಾಲದ ಹಳ್ಳಿಯ ಹುಡುಗನೊಬ್ಬ ಓದಲು ಊರು ಬಿಡಬೇಕಾದದ್ದು ಏಕೆ?’ ಎಂಬ ಪ್ರಶ್ನೆಯನ್ನು ಕೇಳಿದರೆ ಮಾತ್ರ ಮೂರು ವಾಕ್ಯಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಒಗಟನ್ನು ಬಿಡಿಸುವ ಮಗು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಒಗಟಿನ ಉತ್ತರ ಒಗಟಿನ ಮಾತಿನೊಳಗೆ ಇರುವುದಿಲ್ಲ. ಹೇಳಿದ್ದನ್ನು ಹಿಡಿದು ಹೇಳದಿರುವುದನ್ನು ಊಹಿಸಬೇಕು. ಕತೆ ಕೇಳುವಾಗಿನ ಹೂಂಗುಟ್ಟುವಿಕೆಯೂ ಬರಿಯ ಸದ್ದಲ್ಲ. ‘ಇಲ್ಲಿಯವರೆಗೆ ತಿಳಿಯಿತು, ಮುಂದೆ ಹೇಳು’ ಎಂಬ ಒಪ್ಪಂದ ಅದು. ಹೂಂಗುಟ್ಟುವುದು ನಿಂತರೆ ಹೇಳುವವಳು ಕತೆ ನಿಲ್ಲಿಸುತ್ತಾಳೆ, ಇಲ್ಲವೇ ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಾಳೆ. ತರಗತಿಯ ಗದ್ಯಪಾಠದಲ್ಲಿ ಮಗುವಿಗೆ ತಿಳಿಯಿತೇ ಎಂದು ಅರಿಯಲು ಇಂತಹ ನಡುದಾರಿಯ ತಂಗುದಾಣಗಳಿಲ್ಲ. ಕೊನೆಯಲ್ಲಿ ಉತ್ತರವಿದೆ, ಅಷ್ಟೆ.

4. ಬೆಂಗಳೂರಿನಲ್ಲಿ ನಡೆದ ಒಂದು ಪ್ರಯತ್ನ

ಈ ಕೊರತೆಯನ್ನು ಯಾರೂ ಗಮನಿಸಿರಲಿಲ್ಲ ಎಂದಲ್ಲ. 1926ರಲ್ಲಿಯೇ ಮೈಕೇಲ್ ವೆಸ್ಟ್ ಬಂಗಾಳದ ದ್ವಿಭಾಷಿಕ ಮಕ್ಕಳನ್ನು ಕುರಿತ ವರದಿಯಲ್ಲಿ ಓದಿನ ಸಾಮರ್ಥ್ಯಕ್ಕೆ ಪ್ರಾಶಸ್ತ್ಯ ನೀಡಬೇಕೆಂದು ವಾದಿಸಿದ್ದರು. ಸ್ವಾತಂತ್ರ್ಯಾನಂತರ ದಕ್ಷಿಣ ಭಾರತದಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಮೌಖಿಕವಾಗಿ ರೂಢಿಸುವ ಪದ್ಧತಿ ಪ್ರಬಲವಾಯಿತು. ಅದರ ಫಲಿತಾಂಶದ ಬಗೆಗಿನ ಅತೃಪ್ತಿಯಿಂದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಭಾಷಾಬೋಧನೆಯ ಜಗತ್ತಿನಲ್ಲಿ ಪ್ರಸಿದ್ಧವಾಗಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗ ಅದಕ್ಕಿತ್ತು. ಗಮನವು ಅರ್ಥದ ಮೇಲೆ ಇದ್ದಾಗಲೇ ವ್ಯಾಕರಣ ಮನಸ್ಸಿನಲ್ಲಿ ಚೆನ್ನಾಗಿ ಬೇರೂರುತ್ತದೆ ಎಂಬುದು ಅವರ ನಿಲುವು. ಆದ್ದರಿಂದ ತರಗತಿಯಲ್ಲಿ ನಿಯಮಗಳ ಬದಲು ರೈಲಿನ ವೇಳಾಪಟ್ಟಿ, ನಕಾಶೆ ಮೊದಲಾದವನ್ನು ಇಟ್ಟುಕೊಂಡು ಬಿಡಿಸುವ ಸಮಸ್ಯೆಗಳನ್ನು ಕೊಡಲಾಯಿತು. 1987ರಲ್ಲಿ ಪ್ರಕಟವಾದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಇದರ ವಿವರವನ್ನು ಒಳಗೊಂಡಿದೆ.

ಹೊರದೇಶಗಳ ವಿದ್ವಾಂಸರು ಇಷ್ಟೊಂದು ಚರ್ಚಿಸಿದ ಈ ಪ್ರಯೋಗದ ನೆರಳು ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ಊರಿನ ಗೈಡಿನಲ್ಲಿ ಕಾಣಿಸದಿರುವುದು ವಿಷಾದಕರ. ಹಿಂದೂಪುರದ ರೈಲಿನ ವೇಳೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹರಾಜಿನ ಚೀಟಿ, ಗೊಬ್ಬರದ ಚೀಲದ ಮೇಲಿನ ಸೂಚನೆ ಇವೆಲ್ಲವೂ ಇಲ್ಲಿನ ಮಗುವಿನ ಸುತ್ತ ಇರುವ ಓದುಗಳೇ. ಆದರೆ ಪ್ರಭು ಅವರ ಮಾದರಿಗೂ ಒಂದು ಮಿತಿಯಿದೆ ಎಂದು ನನಗೆ ತೋರುತ್ತದೆ. ಅದರ ಸಮಸ್ಯೆಗಳು ಬುದ್ಧಿಗೆ ಕೆಲಸ ಕೊಡುತ್ತವೆ. ಮಗುವಿನ ನುಡಿಯ ನೆನಪಿಗೆ ಅಷ್ಟಾಗಿ ಕೊಡುವುದಿಲ್ಲ. ಜಾನಪದ ಸೇರಬೇಕಾದುದು ಇಲ್ಲಿಯೇ.

5. ಒಣಗದ ಮೀನು

ಈ ಸೀಮೆಯ ತೆಲುಗು ಮನೆಗಳ ಮಕ್ಕಳಿಗೆ ಪರಿಚಿತವಾದ ಸರಪಳಿ ಕತೆಯೊಂದಿದೆ. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಗಹಾಕುತ್ತಾರೆ. ಒಂದು ಮೀನು ಒಣಗುವುದಿಲ್ಲ. ಏಕೆ ಒಣಗಲಿಲ್ಲ ಎಂದರೆ ಹುಲ್ಲಿನ ಮೆದೆ ಅಡ್ಡಬಂತು ಎನ್ನುತ್ತದೆ. ಮೆದೆಯನ್ನು ಕೇಳಿದರೆ ಹಸು ಮೇಯಲಿಲ್ಲ ಎನ್ನುತ್ತದೆ. ಹಸು ದನಗಾಹಿಯನ್ನು, ದನಗಾಹಿ ಬುತ್ತಿ ಕೊಡದ ಅವ್ವನನ್ನು, ಅವ್ವ ಅಳುವ ಮಗುವನ್ನು, ಮಗು ಕಚ್ಚಿದ ಇರುವೆಯನ್ನು ತೋರಿಸುತ್ತವೆ. ನನ್ನ ಬಂಗಾರದ ಗೂಡಿನಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡುವೆನೇ ಎಂದು ಇರುವೆ ಕೇಳುವಲ್ಲಿ ಕತೆ ಮುಗಿಯುತ್ತದೆ.

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ಒಂದೇ ರಚನೆಯ ಪುನರಾವರ್ತನೆ. ‘ವೈ ಡಿಡ್ ಯು ನಾಟ್ ಡ್ರೈ?’, ‘ವೈ ಡಿಡ್ ಯು ನಾಟ್ ಗ್ರೇಜ್?’ ಎಂದು ಕತೆ ಮುಂದುವರಿದಂತೆ ‘ಡಿಡ್’ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ ಎಂಬ ನಿಯಮ ಕಿವಿಗೆ ಇಳಿಯುತ್ತದೆ. ನಮ್ಮ ಮಕ್ಕಳು ಪದೇಪದೇ ತಪ್ಪುವ ಜಾಗ ಇದು. ಗ್ರಹಿಕೆಯ ದೃಷ್ಟಿಯಿಂದ ನೋಡಿದರೆ ‘ಮೀನು ಒಣಗದಿರಲು ಯಾರು ಹೊಣೆ?’ ಎಂಬ ಪ್ರಶ್ನೆಗೆ ಯಾವ ಒಂದು ಸಾಲಿನಲ್ಲಿಯೂ ಉತ್ತರವಿಲ್ಲ. ಕತೆಯನ್ನು ಇಡಿಯಾಗಿ ಹಿಡಿಯಬೇಕು. ಒಬ್ಬ ಮಗು ಇರುವೆ ಎನ್ನಬಹುದು, ಮತ್ತೊಬ್ಬ ಬುತ್ತಿ ಮರೆತ ಅವ್ವ ಎನ್ನಬಹುದು. ಇಬ್ಬರೂ ಕಾರಣ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಠ್ಯದಲ್ಲಿ ಒಂದು ಜನಪದ ಕತೆಯನ್ನು ಸೇರಿಸಿ, ಕೆಳಗೆ ‘ರಾಜನಿಗೆ ಎಷ್ಟು ಮಕ್ಕಳು?’ ಎಂದು ಕೇಳಿದರೆ ಏನೂ ಬದಲಾಗುವುದಿಲ್ಲ. ಕತೆ ಅಲಂಕಾರವಾಗಿ ಬಂದರೆ ಅದೂ ಹುಡುಕುವ ಓದಿಗೆ ಇನ್ನೊಂದು ಸಾಮಗ್ರಿಯಾಗುತ್ತದೆ.

6. ಆಕ್ಷೇಪಗಳು

ಪುನರಾವರ್ತನೆಯ ಅಭ್ಯಾಸವಿಲ್ಲದೆ ಯಾವ ನುಡಿಯೂ ಬರುವುದಿಲ್ಲ ಎಂಬ ಆಕ್ಷೇಪ ಸಹಜವಾದುದು. ಇದನ್ನು ಜಾನಪದದ ವಿದ್ಯಾರ್ಥಿಯಾಗಿ ನಾನು ಪೂರ್ಣವಾಗಿ ಒಪ್ಪುತ್ತೇನೆ. ಕೋಲಾಟದ ಹೆಜ್ಜೆಯೂ ಭಜನೆಯ ಪಲ್ಲವಿಯೂ ಪುನರಾವರ್ತನೆಯಿಂದಲೇ ಬರುವುದು. ಆದರೆ ಅಲ್ಲಿ ಪ್ರತಿ ಪುನರಾವರ್ತನೆಗೂ ಒಂದು ಮೇಳವಿದೆ, ಒಂದು ಸಂದರ್ಭವಿದೆ. ನಮ್ಮ ತಕರಾರು ಅಭ್ಯಾಸದ ಮೇಲಲ್ಲ, ಆಡುವವರಿಲ್ಲದ ಅಭ್ಯಾಸದ ಮೇಲೆ.

ಹಳೆಯ ಪದ್ಧತಿಯಲ್ಲಿಯೇ ಕಲಿತು ದೊಡ್ಡವರಾದವರಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ತಮ್ಮ ಬದುಕನ್ನು ಅವರು ಕನ್ನಡದಲ್ಲಿ, ‘ಹೋರಾಟದ ಹಾದಿ’ಯಲ್ಲಿ ಬರೆದರು. ಆದರೆ ಅಸಾಧಾರಣ ವ್ಯಕ್ತಿಯೊಬ್ಬರ ಸಾಧನೆ ಸಾಮಾನ್ಯ ಮಕ್ಕಳಿಗಾಗಿ ರೂಪಿಸುವ ಪದ್ಧತಿಗೆ ಪ್ರಮಾಣವಾಗಲಾರದು. ಪ್ರಶ್ನಿಸುವುದನ್ನೇ ಶಿಕ್ಷಣದ ತಿರುಳೆಂದು ಜೀವನವಿಡೀ ಸಾರಿದ ಅವರ ತಾಲ್ಲೂಕಿನ ಮಕ್ಕಳು ಪ್ರಶ್ನೆಯನ್ನು ನಕಲಿನ ಸೂಚನೆಯೆಂದು ಭಾವಿಸುವಂತಾಗಿರುವುದನ್ನು ನಾವು ಲಘುವಾಗಿ ಕಾಣಬಾರದು.

ಮೂರನೆಯ ಆಕ್ಷೇಪ ಪರೀಕ್ಷೆಯದು. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಶಿಕ್ಷಕರು ಆ 80ರ ಹಿಂದೆ ಓಡಬೇಕಾದ ಒತ್ತಡ ನಿಜ. ಆದರೆ ಉಳಿದ 20 ಶಾಲೆಯ ಕೈಯಲ್ಲಿಯೇ ಇದೆ. ಕತೆಯನ್ನು ನಡುವೆ ನಿಲ್ಲಿಸಿ ‘ಮುಂದೇನು?’ ಎಂದು ಕೇಳಲು, ಮನೆಯ ಒಗಟೊಂದನ್ನು ಇಂಗ್ಲಿಷಿಗೆ ತಂದು ಗೆಳೆಯರಿಗೆ ಒಡ್ಡಲು ಅಲ್ಲಿ ಅವಕಾಶವಿದೆ.

7. ಸಮಾರೋಪ

ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಕತೆಯೊಂದರಲ್ಲಿ ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತವೆ. ಅವಳು ಯಾರಿಗೂ ಹೇಳದೆ ಇಟ್ಟುಕೊಂಡದ್ದರಿಂದ ಅವು ಹೊರಗೆ ಬಂದು ಜೋಡು, ಅಂಗಿಗಳ ರೂಪ ತಾಳಿ ಮನೆಯಲ್ಲಿ ಜಗಳ ತರುತ್ತವೆ. ಏಳೆಂಟು ವರ್ಷ ನಿಯಮಗಳನ್ನು ಒಳಗಿಟ್ಟುಕೊಂಡು ಒಂದು ಮಾತನ್ನೂ ಆಡದ ಮಗುವಿನ ಇಂಗ್ಲಿಷ್ ಈ ಕತೆಯನ್ನು ನೆನಪಿಸುತ್ತದೆ. ಅದು ಮುಂದೆ ಕಾಲೇಜಿನಲ್ಲಿ, ಕೆಲಸದ ಸಂದರ್ಶನದಲ್ಲಿ ಅಂಜಿಕೆಯ ರೂಪದಲ್ಲಿ ಬಾಗಿಲಲ್ಲಿ ನಿಂತಿರುತ್ತದೆ.

ಈ ಸ್ಥಿತಿಗೆ ಜಾನಪದ ವಿದ್ವಾಂಸರ ಪಾಲೂ ಇದೆ. ಇಂಗ್ಲಿಷನ್ನು ನಮ್ಮ ಸಾಮಗ್ರಿಯನ್ನು ಅಳಿಸುವ ನುಡಿಯೆಂದು ಬಗೆದು, ಅದರ ತರಗತಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಕತೆಗಳನ್ನು ಸಂಪುಟಗಳಲ್ಲಿ ಕಾಪಾಡಿದೆವು. ಆ ಕತೆಗಳನ್ನು ಕೇಳಿ ಬೆಳೆದ ಮಗುವಿನ ಕಿವಿಯನ್ನು ಕುರಿತು ಇಂಗ್ಲಿಷ್ ಶಿಕ್ಷಕರಿಗೆ ಏನನ್ನೂ ಹೇಳಲಿಲ್ಲ. ಗಡಿಸೀಮೆಯ ಪ್ರತಿ ತಾಲ್ಲೂಕಿನಲ್ಲಿ ಮಕ್ಕಳ ಮನೆಯ ಕತೆ, ಒಗಟುಗಳನ್ನು ಮೂರು ನುಡಿಗಳಲ್ಲಿ ಜೋಡಿಸಿದ ಓದಿನ ಪುಸ್ತಿಕೆಗಳನ್ನು ಶಿಕ್ಷಕರೂ ಜಾನಪದ ಸಂಶೋಧಕರೂ ಕೂಡಿ ರೂಪಿಸಬಹುದು. ಅಕಾಡೆಮಿಗಳು ಈಗಾಗಲೇ ಪ್ರಕಟಿಸಿರುವ ಸಂಗ್ರಹಗಳು ಇದಕ್ಕೆ ಆಕರವಾಗಬಲ್ಲವು. ಗ್ರಂಥಾಲಯದ ಕಪಾಟಿನಲ್ಲಿರುವ ಆ ಸಂಪುಟಗಳು ಎಂಟನೆಯ ತರಗತಿಯ ಬೆಂಚಿನವರೆಗೆ ತಲುಪುವುದು ನಮ್ಮ ಮುಂದಿನ ಕೆಲಸವಾಗಬೇಕು.