ನಿಂತಲ್ಲಿಂದಲೇ ಮುಂದುವರಿಯಬೇಕು

ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 6 ಗಿಗಾಬೈಟಿನ ಫೈಲೊಂದು ಇಳಿಯಲು, ಎಲ್ಲವೂ ಸರಾಗವಾಗಿ ನಡೆದರೆ, 6 ಗಂಟೆ 40 ನಿಮಿಷ ಬೇಕು. ಉಬುಂಟು 24.04ರ ಡೆಸ್ಕ್‌ಟಾಪ್ ಫೈಲ್ ಹೆಚ್ಚುಕಡಿಮೆ ಇಷ್ಟೇ ದೊಡ್ಡದು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಹೊತ್ತು ಸಂಪರ್ಕ ಕಡಿಯದೆ ಉಳಿಯುವುದು ಅಪರೂಪ. ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರಿನ ಬ್ಯಾಟರಿಯೂ ಇಳಿಯುತ್ತದೆ. ಬ್ರೌಸರಿನಲ್ಲೂ ಮುಂದುವರಿಸುವ ಗುಂಡಿ ಇದೆ ನಿಜ. ಆದರೆ ಕಂಪ್ಯೂಟರ್ ಆರಿ ಮತ್ತೆ ಶುರುವಾದ ಮೇಲೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎಷ್ಟೋ ಸಲ ಮುಕ್ಕಾಲು ಪಾಲು ಇಳಿದದ್ದೂ ಸೊನ್ನೆಗೆ ಬರುತ್ತದೆ, ದಿನದ ಡೇಟಾ ಪೂರ್ತಿ ವ್ಯರ್ಥ.

ಇದಕ್ಕೆ ಪರಿಹಾರವೆಂದು ಡೌನ್‌ಲೋಡ್ ಮ್ಯಾನೇಜರ್ ಹುಡುಕುವವರು ಮೊದಲು ಕೇಳುವುದು ‘ಎಷ್ಟು ಸ್ಪೀಡ್ ಕೊಡುತ್ತೆ?’ ಎಂದು. ನಾನು ನೋಡುವುದು ಸಂಪರ್ಕ ಕಡಿದುಹೋದ ಮೇಲೆ ಅದಕ್ಕೆ ಏನೇನು ನೆನಪಿರುತ್ತದೆ ಎಂಬುದನ್ನು. ಇನ್ನುಳಿದ ಗುಣಗಳೆಲ್ಲ ಇದರ ನಂತರ.

ಮುಂದುವರಿಸುವ ಶಕ್ತಿ ತಂತ್ರಾಂಶವೊಂದರ ಕೈಲಿಲ್ಲ, ಅರ್ಧ ಭಾಗ ಸರ್ವರಿನ ಕೈಲಿದೆ. 1997ರ ಎಚ್‌ಟಿಟಿಪಿ 1.1ರಲ್ಲೇ ‘ಇಷ್ಟನೆಯ ಬೈಟಿನಿಂದ ಮುಂದಕ್ಕೆ ಕೊಡು’ ಎಂದು ಕೇಳುವ ವ್ಯವಸ್ಥೆ ಸೇರಿತ್ತು. ಸರ್ವರ್ ಒಪ್ಪಿದರೆ 206 ಎಂಬ ಉತ್ತರ ಬರುತ್ತದೆ. 200 ಎಂದು ಬಂದರೆ ಅದು ಮೊದಲಿನಿಂದಲೇ ಕೊಡಲು ಹೊರಟಿದೆ ಎಂದರ್ಥ. ಆಗ ಯಾವ ಮ್ಯಾನೇಜರೂ ಏನೂ ಮಾಡಲಾರದು. ಆದ್ದರಿಂದ ದೊಡ್ಡ ಫೈಲಿಗೆ ಕೈಹಾಕುವ ಮುನ್ನ ಸ್ವಲ್ಪ ಇಳಿಸಿ, ನಿಲ್ಲಿಸಿ, ಮತ್ತೆ ಶುರು ಮಾಡಿ ನೋಡಬೇಕು. ಇನ್ನೊಂದು ತೊಡಕು ಅವಧಿ ಮುಗಿಯುವ ಲಿಂಕ್‌ಗಳದು. ಮೈಕ್ರೋಸಾಫ್ಟ್ ಕೊಡುವ ವಿಂಡೋಸ್ 11ರ ಐಎಸ್‌ಒ ಲಿಂಕಿನ ಆಯುಷ್ಯ 24 ಗಂಟೆ. ಎರಡು ದಿನ ಎಳೆಯುವ ಡೌನ್‌ಲೋಡಿಗೆ ಹೊಸ ಲಿಂಕನ್ನು ಹಳೆಯ ಅರೆಫೈಲಿಗೆ ಜೋಡಿಸುವ ಸೌಲಭ್ಯ ಬೇಕೇ ಬೇಕು. ಇಂಟರ್‌ನೆಟ್ ಡೌನ್‌ಲೋಡ್ ಮ್ಯಾನೇಜರ್, ಅಂದರೆ ಎಲ್ಲರ ಬಾಯಲ್ಲಿರುವ ಐಡಿಎಂ, ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. 30 ದಿನ ಉಚಿತ, ಆಮೇಲೆ ದುಡ್ಡು ಕೊಡಬೇಕು. ಕೊಟ್ಟು ಕೊಳ್ಳುವವರು ಕೊಳ್ಳಲಿ. ಕ್ರ್ಯಾಕ್ ಮಾಡಿದ ಪ್ರತಿಯನ್ನು ಮಾತ್ರ ಮುಟ್ಟಬೇಡಿ. ಅದರೊಳಗೆ ಇನ್ನೇನು ಸೇರಿಸಿದ್ದಾರೆಂದು ತಿಳಿಯುವ ದಾರಿ ನಮಗಿಲ್ಲ.

ನನಗೆ ಮೆಚ್ಚಿನವು ಎರಡು, ಎರಡೂ ಉಚಿತ, ಎರಡೂ ಆದೇಶ ಟೈಪ್ ಮಾಡಿ ನಡೆಸುವಂಥವು. ಮೊದಲನೆಯದು ಡಬ್ಲ್ಯೂಗೆಟ್. ಕ್ರೊಯೇಷಿಯಾದ ಹ್ರ್ವೊಯೆ ನಿಕ್ಷಿಚ್ 1996ರಲ್ಲಿ ಹೊರತಂದ ಇದನ್ನು ನಿಧಾನದ, ಪದೇಪದೇ ಕಡಿಯುವ ಸಂಪರ್ಕಗಳನ್ನು ಮನಸ್ಸಿನಲ್ಲಿಟ್ಟೇ ಕಟ್ಟಲಾಗಿದೆ. ಹಿಂದೆ ಅರ್ಧಕ್ಕೆ ಬಿಟ್ಟದ್ದನ್ನು ಮುಂದುವರಿಸಲು ‘ಕಂಟಿನ್ಯೂ’ ಆಯ್ಕೆ ಕೊಟ್ಟರೆ ಸಾಕು. ಆದರೂ ಎರಡು ಎಚ್ಚರಿಕೆ ಬೇಕು. ಬಾಯಿ ಕಟ್ಟಿಕೊಂಡು ಕೂತ ಸಂಪರ್ಕಕ್ಕಾಗಿ ಅದು ತಾನಾಗಿ 900 ಸೆಕೆಂಡ್, ಅಂದರೆ ಕಾಲು ಗಂಟೆ ಕಾಯುತ್ತದೆ. ಟೈಮ್‌ಔಟನ್ನು 30 ಸೆಕೆಂಡಿಗೆ ಇಳಿಸಬೇಕು. ಮತ್ತೆ, ಅದು ಅರೆಫೈಲಿನ ಉದ್ದ ನೋಡಿ ಅದರ ತುದಿಗೆ ಜೋಡಿಸುತ್ತಾ ಹೋಗುತ್ತದೆ ಅಷ್ಟೇ. ಈ ನಡುವೆ ಸರ್ವರಿನಲ್ಲಿ ಅದೇ ಹೆಸರಿನ ಫೈಲ್ ಬದಲಾಗಿದ್ದರೆ ಹಳೆಯದರ ತಲೆಗೆ ಹೊಸದರ ಬಾಲ ಸೇರಿ ಎರಡೂ ಕೆಡುತ್ತವೆ.

ಎರಡನೆಯದು, ನಿಜಕ್ಕೂ ನನ್ನ ಮನಸ್ಸು ಗೆದ್ದದ್ದು, ಜಪಾನಿನ ತತ್ಸುಹಿರೊ ತ್ಸುಜಿಕಾವ ಬರೆದ ಆರಿಯಾ2. ಇದು ಫೈಲಿನ ಪಕ್ಕದಲ್ಲೇ ಅದೇ ಹೆಸರಿಗೆ ‘.aria2’ ಎಂಬ ಬಾಲ ಸೇರಿಸಿದ ಇನ್ನೊಂದು ಪುಟ್ಟ ಫೈಲ್ ಇಟ್ಟು, ಯಾವ ತುಂಡು ಬಂದಿದೆ, ಯಾವುದು ಬಾಕಿ ಎಂದು ಬರೆದಿಟ್ಟುಕೊಳ್ಳುತ್ತದೆ. ಆ ಲೆಕ್ಕ ಪ್ರತಿ 60 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಯುತ್ತದೆ. ಕರೆಂಟ್ ಹೋದರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಕೊನೆಯ ನಿಮಿಷದ ಕೆಲಸ. ಈ ಪುಟ್ಟ ಫೈಲನ್ನು ಕಸವೆಂದು ಅಳಿಸಬಾರದು. ಬೇರೆ ಡಿಸ್ಕಿಗೆ ಒಯ್ಯುವುದಾದರೆ ಎರಡನ್ನೂ ಒಟ್ಟಿಗೆ ಒಯ್ಯಬೇಕು. ಜಾಗವನ್ನು ಮೊದಲೇ ಕಾದಿರಿಸುವುದರಿಂದ ಅರ್ಧ ಇಳಿದ ಫೈಲೂ ಪೂರ್ತಿ ಗಾತ್ರದ್ದಾಗಿ ಕಾಣುತ್ತದೆ. ಪುಟ್ಟ ಫೈಲ್ ತಾನಾಗಿ ಮಾಯವಾದಾಗಲೇ ಕೆಲಸ ಮುಗಿದಂತೆ. ಹೊಸದಾಗಿ ಹಾಕಿಕೊಂಡಾಗ ಆರಿಯಾ2 5 ಸಲ ಪ್ರಯತ್ನಿಸಿ ಕೈಬಿಡುತ್ತದೆ. ಪ್ರಯತ್ನದ ಮಿತಿಯನ್ನು 0 ಎಂದು ಬದಲಿಸಿದರೆ ಮಿತಿಯೇ ಇಲ್ಲ. ಪ್ರಯತ್ನಗಳ ನಡುವೆ ಅರ್ಧ ನಿಮಿಷ ಬಿಡುವು ಇರಲಿ, ಸರ್ವರಿಗೂ ಕಿರುಕುಳವಾಗದು. ಆದೇಶ ಟೈಪ್ ಮಾಡಲು ಹಿಂಜರಿಯುವವರಿಗೆ ಇದೇ ಎಂಜಿನ್ ಮೇಲೆ ಕಿಟಕಿ ಕಟ್ಟಿದ ಮೋಟ್ರಿಕ್ಸ್ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಹಾಕಿಕೊಂಡರೆ ಆರಿಯಾ2 ಅಲ್ಲೂ ಓಡುತ್ತದೆ. ಬ್ಯಾಟರಿ ಉಳಿಸುವ ಸೆಟ್ಟಿಂಗಿನಿಂದ ಟರ್ಮಕ್ಸಿಗೆ ವಿನಾಯಿತಿ ಕೊಡಬೇಕು.

ವೇಗದ ಮಾತಿಗೆ ಬರೋಣ. ಒಂದು ಫೈಲನ್ನು ಹಲವು ಸಂಪರ್ಕಗಳಲ್ಲಿ ಎಳೆಯುವುದರಿಂದ ಲಾಭವಿಲ್ಲವೆಂದಲ್ಲ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಪ್ಯಾಕೆಟ್‌ಗಳ ಸಾಗಣೆ ನೋಡಿಕೊಳ್ಳುವ ಟಿಸಿಪಿ ಅದನ್ನು ದಟ್ಟಣೆಯ ಲಕ್ಷಣವೆಂದು ತಿಳಿದು ವೇಗ ತಗ್ಗಿಸುತ್ತದೆ. ನಾಲ್ಕು ಸಂಪರ್ಕಗಳಿದ್ದರೆ ತಗ್ಗುವುದು ಒಂದು, ಉಳಿದ ಮೂರು ಓಡುತ್ತಿರುತ್ತವೆ. ಸಿಗ್ನಲ್ ಹದಗೆಟ್ಟಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ನಮ್ಮ ಮನೆಯ ಸಂಪರ್ಕವೇ ಕಿರಿದಾಗಿದ್ದರೆ, ನಲ್ಲಿ ಒಂದೇ ಇರುವಾಗ ಕೊಡಗಳ ಸಾಲು ಉದ್ದ ಮಾಡಿದರೆ ನೀರು ಹೆಚ್ಚೀತೆ? ಆರಿಯಾ2 ಒಂದು ಸರ್ವರಿಗೆ 16, ಐಡಿಎಂ 32 ಸಂಪರ್ಕಗಳವರೆಗೆ ಬಿಡುತ್ತವೆ. ನನ್ನ ಶಿಫಾರಸು ನಾಲ್ಕು. ಅದಕ್ಕಿಂತ ಹೆಚ್ಚಾದರೆ ಕೆಲವು ಸರ್ವರ್‌ಗಳು ಬಾಗಿಲು ಹಾಕಿಬಿಡುತ್ತವೆ.

ಟೊರೆಂಟ್ ಎಂದರೆ ಕಳ್ಳಮಾಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ, ಅದರಿಂದ ನಷ್ಟ ನಮಗೇ. ಬ್ರ್ಯಾಮ್ ಕೋಹೆನ್ 2001ರಲ್ಲಿ ರೂಪಿಸಿದ, ಬಳಕೆದಾರರೇ ಫೈಲನ್ನು ತುಂಡುತುಂಡಾಗಿ ಹಂಚಿಕೊಳ್ಳುವ ಬಿಟ್‌ಟೊರೆಂಟಿನಲ್ಲಿ ಪ್ರತಿಯೊಂದು ತುಂಡಿಗೂ ಅದರದೇ ಗುರುತಿನ ಮೊತ್ತವಿದೆ. ಕೆಟ್ಟ ತುಂಡು ಬಂದರೆ ಅದನ್ನಷ್ಟೇ ಮತ್ತೆ ತರಿಸುತ್ತದೆ. ಹಾಳು ಸಂಪರ್ಕಕ್ಕೆ ಇದಕ್ಕಿಂತ ಹೊಂದುವ ವಿಧಾನ ನಾನು ಕಂಡಿಲ್ಲ. ಡೆಬಿಯನ್, ಉಬುಂಟು, ಶಾಲೆಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್‌ನ ಫೈಲ್‌ಗಳು, ಎಲ್ಲವೂ ಟೊರೆಂಟಿನಲ್ಲಿ ಅಧಿಕೃತವಾಗಿಯೇ ಸಿಗುತ್ತವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳಿಗೂ ಟೊರೆಂಟ್ ಉಂಟು. ಹಂಚುವವರು ಬೇರೆ ಯಾರೂ ಇಲ್ಲದಿದ್ದರೂ ಆರ್ಕೈವಿನ ಸರ್ವರುಗಳೇ ತುಂಡುಗಳನ್ನು ಒದಗಿಸುತ್ತವೆ. ಆರಿಯಾ2ಗೆ ಟೊರೆಂಟ್ ಇಳಿಸುವುದೂ ಗೊತ್ತು.

ಫೈಲ್ 4 ಗಿಗಾಬೈಟಿನ ಹತ್ತಿರ ಬಂದು ಪದೇಪದೇ ನಿಂತರೆ ನೆಟ್‌ವರ್ಕನ್ನು ಬೈಯುವ ಮೊದಲು ಅದನ್ನು ಇಳಿಸುತ್ತಿರುವ ಪೆನ್‌ಡ್ರೈವ್ ನೋಡಿ. ಫ್ಯಾಟ್32 ಡಿಸ್ಕಿಗೆ ಅದಕ್ಕಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಮ್ಯಾನೇಜರನ್ನು ಎಲ್ಲಿಂದ ತರುತ್ತೇವೆ ಎಂಬುದೂ ಮುಖ್ಯ. ಫ್ರೀ ಡೌನ್‌ಲೋಡ್ ಮ್ಯಾನೇಜರಿನ ಜಾಲತಾಣದಿಂದ ಲಿನಕ್ಸ್ ಪ್ರತಿ ಇಳಿಸಲು ಹೋದವರಲ್ಲಿ ಕೆಲವರನ್ನು 2020ರಿಂದ 2022ರವರೆಗೆ ದುರುದ್ದೇಶದ ಪ್ಯಾಕೇಜಿನತ್ತ ತಿರುಗಿಸಲಾಗುತ್ತಿತ್ತು ಎಂದು ಸೈಬರ್ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ 2023ರಲ್ಲಿ ಬಯಲು ಮಾಡಿತು. ಲಿನಕ್ಸ್ ಬಳಸುವವರು ತಮ್ಮ ವಿತರಣೆಯ ಭಂಡಾರದಿಂದಲೇ ಹಾಕಿಕೊಳ್ಳಲಿ.

ಇಳಿದ ಫೈಲ್ ಸರಿಯಿದೆಯೇ ಎಂದು ನೋಡಲು ಎಸ್‌ಎಚ್‌ಎ-256 ಎಂಬ ಗುರುತಿನ ಮೊತ್ತವನ್ನು ತಾಳೆ ಹಾಕಬೇಕು. ವಿಂಡೋಸಿನಲ್ಲಿ ಅದಕ್ಕೆ ಸರ್ಟ್‌ಯುಟಿಲ್ ಎಂಬ ಸಲಕರಣೆ ಮೊದಲೇ ಇದೆ. ತಾಳೆಯಾಗಲು ಫೈಲ್ ಹಾಕಿದವರು ಮೊತ್ತವನ್ನು ಪ್ರಕಟಿಸಿರಬೇಕಲ್ಲ! ಪುಸ್ತಕ, ಧ್ವನಿಮುದ್ರಿಕೆ, ಪಾಠದ ವಿಡಿಯೊಗಳನ್ನು ಜಾಲಕ್ಕೇರಿಸುತ್ತಿರುವ ಕನ್ನಡದ ಸಂಸ್ಥೆಗಳಲ್ಲಿ ನನ್ನದೊಂದು ವಿನಂತಿ: ಮುಂದುವರಿಸಲು ಬಿಡುವ ಸರ್ವರಿನಲ್ಲಿ ಫೈಲ್ ಇಡಿ, ಪಕ್ಕದಲ್ಲಿ ಒಂದು ಟೊರೆಂಟ್ ಕೊಡಿ, ಕೆಳಗೆ ಎಸ್‌ಎಚ್‌ಎ-256 ಮೊತ್ತದ ಒಂದು ಸಾಲು ಬರೆಯಿರಿ.